ಕೀರ್ತಿಮುಖದ ‘ಘಟ್ಟಿ’ ಉಂಗುರ: ಹಾಲ್‌ಮಾರ್ಕ್ ಒಂದನ್ನೇ ನಂಬಬೇಡಿ

ಬಾಗಲಕೋಟೆ ಪೇಟೆಯಲ್ಲಿ ‘ಪೂರ್ತಿ ಘಟ್ಟಿ ಬಂಗಾರ’ ಎಂದು ಮಾರಿದ ಕೀರ್ತಿಮುಖದ ಉಂಗುರವೊಂದು ಅಳತೆ ಹಿಗ್ಗಿಸಲು ಪತ್ತಾರರ (ಅಕ್ಕಸಾಲಿಗರ) ಕೈಗೆ ಬಂತು. ಉರಿ ತಾಗಿದ್ದೇ ತಡ, ಮುಖದ ಹಿಂಬದಿಯ ಬೆಸುಗೆ ಗೆರೆಯಿಂದ ಕಪ್ಪು ಅರಗು ಗುಳ್ಳೆಯೆದ್ದು ಹೊರಗೆ ಉಕ್ಕಿತು. ಬಿಚ್ಚಿ ತೂಗಿದರೆ ಒಟ್ಟು 14.20 ಗ್ರಾಂನಲ್ಲಿ ಬಂಗಾರ 12.05, ಇಟ್ಟಿಗೆಪುಡಿ ಬೆರೆಸಿದ ಅರಗು 1.70, ಕಣ್ಣಿಗೆ ಕೂರಿಸಿದ ಎರಡು ಕೆಂಪು ಗಾಜು 0.45. ಕೊಂಡವರು 2.15 ಗ್ರಾಂ ಅರಗು-ಗಾಜಿಗೆ ಬಂಗಾರದ ದರ ತೆತ್ತಿದ್ದರು, ಅದರ ಮೇಲೆ ಮಜೂರಿ ಬೇರೆ.

ಹಾಲ್‌ಮಾರ್ಕ್ ಖೊಟ್ಟಿ ಆಗಿರಲಿಲ್ಲ. ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ಗುರುತು, 22 ಕ್ಯಾರೆಟ್ ಅಂದರೆ ಶೇ 91.6 ಶುದ್ಧ ಎನ್ನುವ 22ಕೆ916, ಆಯಾ ಒಡವೆಯ ಗುರುತಿಗೆ ಕೊಡುವ ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ, ಮೂರೂ ಇದ್ದವು. ಬಿಐಎಸ್ ಕೇರ್ ಆ್ಯಪ್‌ನಲ್ಲೂ ಸರಿಯಾಗಿಯೇ ತೋರಿಸಿತು. ಮೋಸ ನಡೆಯುವುದೇ ಇಲ್ಲಿ. ಹಾಲ್‌ಮಾರ್ಕ್ ಹೇಳುವುದು ಬಂಗಾರದ ಶುದ್ಧತೆಯನ್ನು. ಒಳಗೆ ಪೊಳ್ಳೋ ಘಟ್ಟಿಯೋ ಎಂಬುದನ್ನಲ್ಲ. ಶುದ್ಧತೆ ಅಳೆಯುವ ಎಕ್ಸ್‌ರೇ ಯಂತ್ರವೂ ಒರೆಗಲ್ಲೂ ಮೇಲ್ಮೈಯನ್ನಷ್ಟೇ ನೋಡುತ್ತವೆ.

ಬಾದಾಮಿ, ಪಟ್ಟದಕಲ್ಲು ನೋಡಿ ಬೆಳೆದ ಈ ಭಾಗದ ಜನರಿಗೆ ಕೀರ್ತಿಮುಖ, ಸಿಂಹಮುಖ, ದ್ವಾರಪಾಲರ ಮೇಲೆ ಪ್ರೀತಿ ಸಹಜ. ಶಿವನ ಮಾತಿಗೆ ತನ್ನ ಮೈಯನ್ನೇ ತಿಂದು, ಮುಖವಷ್ಟೇ ಉಳಿಸಿಕೊಂಡು, ಅವನ ಬಾಗಿಲು ಕಾಯಲು ನಿಂತವನು ಕೀರ್ತಿಮುಖ. ಉಬ್ಬಿದ ಕಣ್ಣು, ತೆರೆದ ಬಾಯಿ, ಕೋರೆಹಲ್ಲು, ಕೊಂಬು ಎಲ್ಲ ಎದ್ದು ಕಾಣಬೇಕು. ಇದನ್ನು ಎರಕ ಹೊಯ್ದು ಘಟ್ಟಿಯಾಗಿ ಮಾಡಿದರೆ ಬಂಗಾರ ಬಹಳ ಹಿಡಿಯುತ್ತದೆ. ಹಾಗಾಗಿ ತೆಳು ತಗಡನ್ನು ಅಚ್ಚಿನಲ್ಲಿ ಒತ್ತಿ, ಒಳಗೆ ಅರಗು ತುಂಬಿ, ಹಿಂದೆ ತಗಡು ಮುಚ್ಚುತ್ತಾರೆ. ಅರಗು ತುಂಬುವ ಕೆಲಸ ಹಳೆಯದು, ಅದರಲ್ಲಿ ತಪ್ಪಿಲ್ಲ. ಅರಗನ್ನು ಬಂಗಾರದ ತೂಕಕ್ಕೆ ಸೇರಿಸುವುದು ತಪ್ಪು. ಮೇಲಾಗಿ ಇಂಥ ಉಂಗುರ ಮೂಗು, ಕೊಂಬಿನ ತುದಿಯಲ್ಲಿ ಬೇಗ ತಗ್ಗು ಬೀಳುತ್ತದೆ, ಸವೆದು ತೂತಾಗುತ್ತದೆ.

ಕೊಳ್ಳುವಾಗ ಉಂಗುರ ತಿರುಗಿಸಿ ಬೆರಳಿಗೆ ತಾಗುವ ಬದಿ ನೋಡಿ. ಎರಕದ ಮುಖದ ಬೆನ್ನು ಸಾಮಾನ್ಯವಾಗಿ ತೆರೆದಿದ್ದು ತೋಡಿದಂತೆ ಕಾಣುತ್ತದೆ, ಮುಂದಿನ ಉಬ್ಬಿಗೆ ಹಿಂದೆ ತಗ್ಗು ಇರುತ್ತದೆ. ಬೆನ್ನು ಸಪಾಟಾಗಿ ಮುಚ್ಚಿದ್ದು, ಅಂಚಿಗೆ ಕೂದಲೆಳೆಯಂಥ ಬೆಸುಗೆ ಗೆರೆ ಅಥವಾ ಸೂಜಿಮೊನೆಯಷ್ಟು ತೂತು ಕಂಡರೆ ಅನುಮಾನಿಸಿ.

ಖಾತ್ರಿ ಬೇಕಾದರೆ ನೀರಿನ ತೂಕ ಮಾಡಿಸಿ. 0.01 ಗ್ರಾಂ ತೋರಿಸುವ ತಕ್ಕಡಿ ಸಾಕು. ಮೊದಲು ಉಂಗುರವನ್ನು ಹಾಗೆಯೇ ತೂಗಿ. ಆಮೇಲೆ ನೀರಿನ ಲೋಟವನ್ನು ತಕ್ಕಡಿಯ ಮೇಲಿಟ್ಟು ಸೊನ್ನೆಗೆ ತನ್ನಿ. ಉಂಗುರವನ್ನು ತೆಳು ದಾರಕ್ಕೆ ಕಟ್ಟಿ, ತಳ-ಗೋಡೆಗೆ ತಾಗದಂತೆ ಪೂರ್ತಿ ಮುಳುಗಿಸಿ ಹಿಡಿಯಿರಿ. ಬಾಯಿ, ಕಣ್ಣಿನ ಸಂದಿಯಲ್ಲಿ ಗಾಳಿಗುಳ್ಳೆ ನಿಂತರೆ ಲೆಕ್ಕ ತಪ್ಪುತ್ತದೆ, ಅಲುಗಾಡಿಸಿ ಬಿಡಿಸಿ. ಮೊದಲ ತೂಕವನ್ನು ಈಗ ಕಾಣುವ ಅಂಕಿಯಿಂದ ಭಾಗಿಸಿ. 22 ಕ್ಯಾರೆಟ್ ಘಟ್ಟಿಯಾದರೆ 17.7ರ ಆಸುಪಾಸು ಬರಬೇಕು. 14.20 ಗ್ರಾಂ ಉಂಗುರಕ್ಕೆ ತಕ್ಕಡಿ 0.80 ತೋರಿಸಬೇಕು, ಮೇಲೆ ಹೇಳಿದಂಥ ಉಂಗುರವಾದರೆ 2 ಗ್ರಾಂ ಆಸುಪಾಸು ತೋರಿಸುತ್ತದೆ. ಹರಳು ಇದ್ದರೂ ಉತ್ತರ ಇಳಿಯುತ್ತದೆ, ಆದ್ದರಿಂದ ಮಾಡಿಸುವ ಉಂಗುರವಾದರೆ ಹರಳು ಕೂರಿಸುವ ಮೊದಲೇ ತೂಗಿಸಿ.

ಕಚ್ಚಾ ಚೀಟಿ ಒಪ್ಪಬೇಡಿ. ಬಿಲ್ಲಿನಲ್ಲಿ ಬಂಗಾರದ ನಿವ್ವಳ ತೂಕ, ಹರಳಿನ ತೂಕ, ಶುದ್ಧತೆ, ಮಜೂರಿ, ಹಾಲ್‌ಮಾರ್ಕ್ ಶುಲ್ಕ ಬೇರೆ ಬೇರೆ ಇರಲಿ. ‘ಘಟ್ಟಿ, ಅರಗು ಇಲ್ಲ’ ಎಂದೂ ಬರೆಸಿ. ಈ ಪ್ರಕರಣದಲ್ಲಿ ಚೀಟಿಯ ಮೇಲೆ ಬರೀ ‘916 ಉಂಗುರ’ ಎಂದಿತ್ತು. ಬಿಐಎಸ್ ನಿಯಮದಂತೆ ಸಿಗುವ, ಕೊರತೆಯ ಮೊತ್ತದ ಎರಡು ಪಟ್ಟು ಪರಿಹಾರ ಶುದ್ಧತೆ ಕಡಿಮೆ ಬಂದಾಗಿನದು, ಇಂಥ ತೂಕದ ಮೋಸಕ್ಕೆ ಅದು ಹೊಂದುವುದಿಲ್ಲ. ಗ್ರಾಹಕ ಸಹಾಯವಾಣಿ 1915 ಅಥವಾ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು, ಅಲ್ಲಿ ಮೊದಲು ಕೇಳುವುದು ಬಿಲ್ಲನ್ನೇ.

ಇಂಥ ಉಂಗುರ ಈಗಾಗಲೇ ಮನೆಯಲ್ಲಿದ್ದರೆ ಬಿಸಿನೀರಿನಲ್ಲಿ ಕುದಿಸಿ ತೊಳೆಯಬೇಡಿ. ಅನುಮಾನವಿದ್ದರೆ ಉರಿ ಹಿಡಿಸುವ ಮುಂಚೆಯೇ ಪತ್ತಾರರಿಗೆ ತಿಳಿಸಿ, ಬಿಚ್ಚುವುದಾದರೆ ನಿಮ್ಮೆದುರಿಗೇ ತೂಗಿ ಬಿಚ್ಚಿಸಿ.