ಕೋವಿಯ ಸದ್ದಿಗೆ ಬೆದರುವ ನಾಯಿಗೆ ಮನೆಪಾಠ: ಒಂದು ತರಬೇತಿ ಸೇವೆಯ ವಿಮರ್ಶೆ

ಕೊಡಗಿನ ತೋಟದ ಮನೆಗಳ ನಾಯಿಗಳಿಗೆ ಬೇರೆ ಊರಿನ ನಾಯಿಗಳಿಗೆ ಅಷ್ಟಾಗಿ ಇಲ್ಲದ ಒಂದು ಕಷ್ಟವಿದೆ. ಸೆಪ್ಟೆಂಬರ್ ಆರಂಭದಲ್ಲಿ ಬರುವ ಆಯುಧಪೂಜೆಯ ಹಬ್ಬ ಕೈಲ್ ಪೊಳ್ದ್‌ನಲ್ಲಿ ಕೋವಿಗೆ ತೋಕ್‌ಪೂ ಎಂಬ ಹೂ ಮುಡಿಸಿ ಪೂಜಿಸಿದ ಮೇಲೆ ಗುರಿ ಹೊಡೆಯುವ ಸ್ಪರ್ಧೆಗಳು ನಡೆಯುತ್ತವೆ. ಸುಗ್ಗಿಯ ಹಬ್ಬವಾದ ಪುತ್ತರಿಯ ರಾತ್ರಿ ಕದಿರು ತೆಗೆಯುವಾಗ ಆಕಾಶಕ್ಕೆ ಗುಂಡು ಹಾರುತ್ತದೆ. ಗದ್ದೆಗೆ ಆನೆ ಇಳಿದ ರಾತ್ರಿಗಳಲ್ಲಿ ಪಟಾಕಿ ಸಿಡಿಯುತ್ತದೆ. ಈ ಸದ್ದುಗಳಿಗೆ ಬೆದರಿ ತೋಟದೊಳಗೆ ಓಡಿ ಕಾಣೆಯಾಗುತ್ತಿದ್ದ ನಮ್ಮ ಲ್ಯಾಬ್ರಡಾರ್‌ಗಾಗಿ, ವಿರಾಜಪೇಟೆಯ ಸುತ್ತಮುತ್ತಲಿನ ಮನೆಗಳಿಗೇ ಬಂದು ನಾಯಿಗಳನ್ನು ಪಳಗಿಸುವ ಸೇವೆಯೊಂದನ್ನು ಪಡೆದೆವು. ತರಬೇತುದಾರರಿಗೆ ವಿಷಯ ಗೊತ್ತಿದೆ, ಕೊಟ್ಟ ಹಣಕ್ಕೆ ಮೋಸವಿಲ್ಲ. ಆದರೆ ಹಬ್ಬದೊಳಗೆ ಭಯ ಬಿಡಿಸಿಕೊಡುತ್ತೇವೆ ಎಂಬ ಅವರ ಮಾತನ್ನು ನಂಬಿ ಯಾರೂ ಹಣ ಕಟ್ಟಬಾರದು.

ಮೊದಲ ಭೇಟಿಯಲ್ಲಿ ಅವರು ನಾಯಿಯನ್ನು ಮುಟ್ಟಲೂ ಇಲ್ಲ. ಗುಂಡು ಹಾರುವುದಕ್ಕೆ ಮೊದಲು ಮನೆಯಲ್ಲಿ ಏನೇನು ನಡೆಯುತ್ತದೆ ಎಂದು ಒಂದೊಂದಾಗಿ ಕೇಳಿ ಬರೆದುಕೊಂಡರು. ಬೀರುವಿನಿಂದ ಕೋವಿ ಹೊರಬರುತ್ತದೆ, ಎಣ್ಣೆ ಹಾಕಿ ಒರೆಸುತ್ತಾರೆ, ಗಂಡಸರು ಹಬ್ಬದ ಉಡುಪಾದ ಕುಪ್ಯಚೇಲೆ ತೊಡುತ್ತಾರೆ, ಎಲ್ಲರೂ ಗದ್ದೆಯ ಕಡೆಗೆ ಹೊರಡುತ್ತಾರೆ. ನಮ್ಮ ನಾಯಿ ಜೀಪಿನ ಅಡಿಗೆ ನುಸುಳುತ್ತಿದ್ದುದು ಸದ್ದು ಕೇಳಿದಾಗಲ್ಲ, ಎಣ್ಣೆಯ ವಾಸನೆ ಬಂದಾಗಲೇ. ಜೀರ್ಣಕ್ರಿಯೆಯ ಸಂಶೋಧನೆಗಾಗಿ 1904ರಲ್ಲಿ ನೊಬೆಲ್ ಪಡೆದ ರಷ್ಯಾದ ಇವಾನ್ ಪಾವ್ಲೋವ್ ತಮ್ಮ ಪ್ರಯೋಗಾಲಯದ ನಾಯಿಗಳಲ್ಲಿ ಕಂಡದ್ದು ಇಂಥದ್ದನ್ನೇ: ಆಹಾರಕ್ಕೆ ಮುನ್ನ ಪದೇ ಪದೇ ಬರುವ ಯಾವುದೇ ಸೂಚನೆ ತಾನೇ ಜೊಲ್ಲು ಸುರಿಸುವಂತೆ ಮಾಡುತ್ತದೆ, ಮತ್ತು ಆ ಸೂಚನೆಗೂ ಮೊದಲು ಬರುವ ಇನ್ನೊಂದು ಸೂಚನೆಗೆ ಆ ಶಕ್ತಿ ದಾಟಬಲ್ಲದು. ಅನುಬಂಧನ ಎಂದು ಮನಃಶಾಸ್ತ್ರದ ಪುಸ್ತಕಗಳು ಕರೆಯುವ ಈ ಸರಪಳಿಯನ್ನು ಸದ್ದಿನ ತುದಿಯಿಂದಲ್ಲದೆ ಬೀರುವಿನ ತುದಿಯಿಂದ ಬಿಚ್ಚಲು ಆರಂಭಿಸಿದ್ದು ಈ ಸೇವೆಯ ನಿಜವಾದ ಹೆಚ್ಚುಗಾರಿಕೆ. ಗುಂಡಿನ ಗೊಡವೆಯಿಲ್ಲದೆ ದಿನವೂ ಕೋವಿಯನ್ನು ಹೊರತೆಗೆದು ಒರೆಸಿ ಒಳಗಿಡುವುದು, ಅದನ್ನು ಕಂಡ ಕೂಡಲೇ ನಾಯಿಗೆ ಬೇಯಿಸಿದ ಕೋಳಿಯ ಲಿವರ್ ಕೊಡುವುದು, ಇಷ್ಟೇ ಮೊದಲ ಪಾಠವಾಗಿತ್ತು.

ಸದ್ದಿನ ಪಾಠ ಬಂದದ್ದು ಆಮೇಲೆ. ಸ್ಪೀಕರಿನಲ್ಲಿ ಗುಂಡಿನ ಶಬ್ದವನ್ನು ನಾಯಿ ಕಿವಿ ನಿಮಿರಿಸುವಷ್ಟು ಮಾತ್ರ ಮೆಲ್ಲಗೆ ಕೇಳಿಸಿ, ಸದ್ದಾದ ಮರುಕ್ಷಣ ಲಿವರ್ ಕೊಡಬೇಕು; ಲಿವರ್ ಮೊದಲು ಬಂದು ಸದ್ದು ಆಮೇಲೆ ಬಂದರೆ ಲಿವರೇ ಅಪಾಯದ ಮುನ್ಸೂಚನೆಯಾಗಿ ನಾಯಿ ಅದನ್ನೂ ಬಿಡುತ್ತದೆ ಎಂದು ಅವರು ಮನೆಮಂದಿಗೆಲ್ಲ ಬೇಸರವಿಲ್ಲದೆ ತಿದ್ದಿ ಹೇಳಿದರು. ಈ ದಾರಿಗೆ ನೂರು ವರ್ಷದ ಹಿನ್ನೆಲೆಯಿದೆ. ಅಮೆರಿಕದಲ್ಲಿ ಮನಃಶಾಸ್ತ್ರಜ್ಞರಾದ ಜಾನ್ ವಾಟ್ಸನ್ ಮತ್ತು ರೋಸಲೀ ರೇನರ್, ಬಿಳಿ ಇಲಿಯನ್ನು ತೋರಿಸುವಾಗ ಬೆನ್ನ ಹಿಂದೆ ಕಬ್ಬಿಣದ ಸರಳಿಗೆ ಸುತ್ತಿಗೆಯಿಂದ ಬಡಿದು ಒಂದು ಎಳೆಗೂಸಿಗೆ ಇಲಿಯ ಭಯ ಕಲಿಸಿದ ಪ್ರಯೋಗವನ್ನು 1920ರಲ್ಲಿ ಪ್ರಕಟಿಸಿದರು. ಇಂದು ಯಾವ ನೀತಿ ಸಮಿತಿಯೂ ಅದಕ್ಕೆ ಒಪ್ಪಿಗೆ ಕೊಡಲಾರದು. 1924ರಲ್ಲಿ ಮೇರಿ ಕವರ್ ಜೋನ್ಸ್, ಮೊಲಕ್ಕೆ ಹೆದರುತ್ತಿದ್ದ ಪೀಟರ್ ಎಂಬ ಪುಟ್ಟ ಬಾಲಕ ಇಷ್ಟದ ತಿಂಡಿ ತಿನ್ನುವಾಗ ಮೊಲವನ್ನು ಸ್ವಲ್ಪ ಸ್ವಲ್ಪವೇ ಹತ್ತಿರ ತಂದು ಆ ಭಯ ಕಳೆದ ವಿವರವನ್ನು ಬರೆದರು. ನಮ್ಮ ಅಂಗಳದಲ್ಲಿ ನಡೆದದ್ದೂ ಅದೇ.

ಕೋವಿಯ ಪಕ್ಕದಲ್ಲೇ ಕಟ್ಟಿಹಾಕಿ, ತಾನಾಗಿ ಅಭ್ಯಾಸವಾಗುತ್ತದೆ ಎನ್ನುವ ಸಲಹೆ ನಮ್ಮಲ್ಲಿ ಧಾರಾಳವಾಗಿ ಸಿಗುತ್ತದೆ, ಪಟಾಕಿಗೆ ಬಗ್ಗದ ಆನೆಗಳನ್ನು ಅದಕ್ಕೆ ಸಾಕ್ಷಿಯಾಗಿಯೂ ಕೊಡುತ್ತಾರೆ. ಆನೆಗೆ ಪಟಾಕಿ ದೂರದಲ್ಲಿ ಸಿಡಿಯುತ್ತದೆ, ಅದರಿಂದ ನೋವಾಗುವುದಿಲ್ಲ, ಬೇಕೆನಿಸಿದರೆ ಹೊರಟುಹೋಗಬಹುದು, ನಿಂತರೆ ಹೊಟ್ಟೆ ತುಂಬ ಭತ್ತವಿದೆ. ಸರಪಳಿಯಲ್ಲಿರುವ ನಾಯಿಗೆ ಇವುಗಳಲ್ಲಿ ಒಂದೂ ಇಲ್ಲದ್ದರಿಂದ ಅದರ ಭಯ ಇಳಿಯುವ ಬದಲು ಏರುವ ಸಾಧ್ಯತೆಯೇ ಹೆಚ್ಚು. ತರಬೇತುದಾರರು ಈ ಸಲಹೆಯನ್ನು ಖಡಾಖಂಡಿತವಾಗಿ ತಳ್ಳಿಹಾಕಿದ್ದು ಸರಿಯಾಗಿತ್ತು.

ಕೊರತೆಗಳೂ ಇವೆ. ಬೆದರಿದ ನಾಯಿಯ ಮೈ ಸವರಬಾರದು, ಸವರಿದರೆ ಭಯಕ್ಕೆ ಬಹುಮಾನ ಕೊಟ್ಟಂತೆ ಎಂದು ಅವರು ಮನೆಯ ಹಿರಿಯರನ್ನು ತಡೆದರು. ಇದನ್ನು ನಾನು ಒಪ್ಪುವುದಿಲ್ಲ. ಊಟದ ಮೇಜಿನ ಬಳಿ ಬೊಗಳುವುದು ನಾಯಿ ಫಲಕ್ಕಾಗಿ ಮಾಡುವ ಕೆಲಸ; ಅಪರೂಪಕ್ಕೊಮ್ಮೆ ಅಕ್ಕಿರೊಟ್ಟಿಯ ತುಂಡು ಸಿಕ್ಕರೂ ಅದು ಗಟ್ಟಿಯಾಗುತ್ತದೆ, ಆಗೊಮ್ಮೆ ಈಗೊಮ್ಮೆ ಸಿಗುವ ಪುನರ್ಬಲನದಿಂದ, ಅಂದರೆ ಬಹುಮಾನದಿಂದ, ಬೆಳೆದ ಅಭ್ಯಾಸವನ್ನು ಬಿಡಿಸುವುದು ಹೆಚ್ಚು ಕಷ್ಟ ಎಂದು ಅಮೆರಿಕದ ಮನಃಶಾಸ್ತ್ರಜ್ಞ ಬಿ. ಎಫ್. ಸ್ಕಿನ್ನರ್ ತೋರಿಸಿದ್ದಾರೆ. ನಡುಕ ಹಾಗಲ್ಲ, ಫಲಕ್ಕಾಗಿ ಯಾವ ನಾಯಿಯೂ ನಡುಗುವುದಿಲ್ಲ. ಎರಡನೆಯದಾಗಿ, ಸಣ್ಣ ಸ್ಪೀಕರು ಕೋವಿಯ ಸದ್ದಿನ ಎದೆ ನಡುಗಿಸುವ ಗುಡುಗನ್ನು ಹೊರಡಿಸಲಾರದು. ದೂರದ ತೋಟದಲ್ಲಿ ನಿಜವಾದ ಗುಂಡು ಹಾರಿಸಿ ಅಂತರವನ್ನು ಕ್ರಮೇಣ ಕಡಿಮೆ ಮಾಡುವ ಹಂತವನ್ನು ಹಬ್ಬ ಹತ್ತಿರವಾಯಿತೆಂದು ಅವರು ಬಿಟ್ಟುಬಿಟ್ಟರು. ಪುತ್ತರಿಯ ರಾತ್ರಿ ನಮ್ಮ ನಾಯಿ ಕೋವಿ ಒರೆಸುವುದನ್ನು ನಿಶ್ಚಿಂತೆಯಿಂದ ನೋಡಿತು, ಸದ್ದಾದಾಗ ಮಾತ್ರ ಮನೆಯೊಳಗೆ ಓಡಿ ಮಂಚದ ಅಡಿ ಸೇರಿತು. ತೋಟಕ್ಕೆ ಓಡಲಿಲ್ಲ ಎನ್ನುವುದೇ ಗಳಿಕೆ.

ಶುಲ್ಕ ಭೇಟಿಗೆ ಇಷ್ಟೆಂದು ಇದ್ದು, ಪೆಟ್ರೋಲ್ ಖರ್ಚು ಬೇರೆ. ಅಕ್ಕಪಕ್ಕದ ತೋಟದವರು ಒಂದೇ ದಿನ ಕರೆಸಿಕೊಂಡರೆ ಅದು ಹಂಚಿಹೋಗುತ್ತದೆ. ಕರೆಸುವುದಾದರೆ ಪುತ್ತರಿ ಮುಗಿದ ಕೂಡಲೇ ಕರೆಸಿ, ಮುಂದಿನ ಕೈಲ್ ಪೊಳ್ದ್‌ವರೆಗೆ ಸಮಯ ಸಿಗುತ್ತದೆ. ಅಳಿಸಿಹೋಯಿತೆಂದುಕೊಂಡ ಕಲಿಕೆ ಬಿಡುವಿನ ನಂತರ ತಾನಾಗಿ ಮರುಕಳಿಸುವುದನ್ನು ಪಾವ್ಲೋವ್ ಅವರೇ ದಾಖಲಿಸಿರುವುದರಿಂದ, ಹಬ್ಬಕ್ಕೆ ಮೊದಲು ಇನ್ನೊಂದು ಭೇಟಿಯನ್ನು ಆರಂಭದಲ್ಲೇ ಒಪ್ಪಂದಕ್ಕೆ ಸೇರಿಸಿಕೊಳ್ಳಬೇಕು. ಇಷ್ಟು ದಿನ ಸದ್ದಿಗೆ ಅಂಜದ ವಯಸ್ಸಾದ ನಾಯಿ ಇದ್ದಕ್ಕಿದ್ದಂತೆ ಬೆದರತೊಡಗಿದ್ದರೆ ಇವರನ್ನು ಕರೆಸುವ ಮುನ್ನ ಪಶುವೈದ್ಯರಿಗೆ ತೋರಿಸಿ. ಕಿವಿಯ ಅಥವಾ ಕೀಲಿನ ನೋವಿದ್ದರೆ ಲಿವರ್ ಕೊಟ್ಟು ಪ್ರಯೋಜನವಿಲ್ಲ.