ಜೂನೋ-106 ರಿಪೇರಿಗೆ ಕೊಡೋ ಮುಂಚೆ ಇದನ್ನ ಓದಿ

ಕಾರವಾರ, ಅಂಕೋಲಾ, ಶಿರಸಿ ಕಡೆ ಹಳೇ ಸಿಂತ್ (ಸಿಂಥಸೈಸರ್ ಕೀಬೋರ್ಡ್) ಇಟ್ಟುಕೊಂಡಿರೋರೆಲ್ಲ ದಯವಿಟ್ಟು ಓದಿ. ರೋಲ್ಯಾಂಡ್ ಜೂನೋ-106 ರಿಪೇರಿಗೆ ಹುಬ್ಬಳ್ಳಿಯಲ್ಲಿ ಒಬ್ಬರಿಗೆ 18,000 ರೂಪಾಯಿ ಕೊಟ್ಟೆ. ಎರಡು ಹೊಸ ಚಿಪ್ ಹಾಕೀನಿ ಅಂದಿದ್ದರು. ಒಂದೂ ಹಾಕಿರಲಿಲ್ಲ. ಒಂದೂ!

ತೊಂದರೆ ಈ ಮಷೀನ್ ಗೊತ್ತಿದ್ದವರಿಗೆಲ್ಲ ಗೊತ್ತಿರೋದೇ. ಸ್ವರ ನುಡಿಸೋ ಸರ್ಕ್ಯೂಟ್, ಅಂದರೆ ವಾಯ್ಸ್, ಇದರಲ್ಲಿ ಆರು; ಪಾಲಿ 1 ಮೋಡಿನಲ್ಲಿ ಸರದಿಯಂತೆ ಒಂದೊಂದೇ ನುಡಿಯುತ್ತವೆ. ಅಲ್ಲಿ ಒಂದೇ ಕೀ ಒತ್ತುತ್ತಾ ಹೋದರೆ ಆರು ಸಲಕ್ಕೆ ಎರಡು ಸಲ ಪರಪರ ಸದ್ದು, ಕೈ ತೆಗೆದರೂ ಸ್ವರ ನಿಲ್ಲೋದಿಲ್ಲ. ಕೀ ಟ್ರಾನ್ಸ್‌ಪೋಸ್ ಒತ್ತಿ ಹಿಡಿದು ಆನ್ ಮಾಡಿದರೆ ಟೆಸ್ಟ್ ಮೋಡ್ ಬರುತ್ತದೆ, ಯಾವ ವಾಯ್ಸ್ ನುಡೀತಿದೆ ಅಂತ ಡಿಸ್‌ಪ್ಲೇಯಲ್ಲೇ ಕಾಣುತ್ತದೆ. 2 ಮತ್ತು 5 ಕೆಟ್ಟಿದ್ದವು. ಕಾರಣ, ವಾಯ್ಸಿಗೊಂದರಂತೆ ಇರೋ 80017ಎ ಚಿಪ್. ಫಿಲ್ಟರ್ರು, ಸದ್ದಿನ ಮಟ್ಟ ಏರಿಳಿಸೋ ವಿಸಿಎ ಎರಡೂ ಅದರಲ್ಲೇ. ಮೇಲಿನ ಕಪ್ಪು ಲೇಪ ವರ್ಷ ಕಳೆದಂತೆ ತೇವ ಹೀರಿ ಕರೆಂಟ್ ಸೋರಿಸುತ್ತದೆ. ನಮ್ಮ ಕಡಲ ಗಾಳಿಯಲ್ಲಿ ಕೇಳಬೇಕಾ?

ವಾಪಸ್ ತಂದಾಗ ಚೆನ್ನಾಗೇ ನುಡೀತು. ಮಳೆ ಶುರುವಾಗಿ ಎರಡು ವಾರಕ್ಕೆ ಅದೇ ಪರಪರ, ಅದೇ 2, ಅದೇ 5. ಮುಚ್ಚಳ ಬಿಚ್ಚಿ ನೋಡ್ತೀನಿ, ಆ ಎರಡು ಚಿಪ್ ಮೇಲೆ ಹೊಳೆಯೋ ವಾರ್ನಿಶ್ ಬಳಿದಿದ್ದಾರೆ, ಅಷ್ಟೇ. ಕೆಳಗೆ ಅದೇ ಹಳೇ ಕಪ್ಪು ಲೇಪ. ಬೋರ್ಡ್ ತಿರುಗಿಸಿದರೆ ಬೆಸುಗೆ ಫ್ಯಾಕ್ಟರಿಯದ್ದೇ, ಸಾಲ್ಡರಿಂಗ್ ಐರನ್ ಮುಟ್ಟಿದ ಗುರುತೇ ಇಲ್ಲ! ಒಂದು ನಿಮಿಷ ಸುಮ್ಮನೆ ನೋಡ್ತಾ ಕೂತುಬಿಟ್ಟೆ. ಬಿಸಿಗಾಳಿ ಊದಿ ಒಣಗಿಸಿ ಕೊಟ್ಟಿರಬೇಕು. ಸಾಲದ್ದಕ್ಕೆ ಮೆಮೊರಿ ಬ್ಯಾಟರಿ ತೆಗೆಯೋ ಮುಂಚೆ ಟೇಪ್‌ಗೆ ಸೇವ್ ಮಾಡಿಲ್ಲ. 128 ಪ್ಯಾಚೂ (ಮಷೀನಿನಲ್ಲಿ ಸೇವ್ ಆಗಿದ್ದ ಸೌಂಡ್) ಹೋದವು.

ಫೋನ್ ಮಾಡಿದೆ. "ಹಳೇ ಮಷೀನ್ ಐತ್ರಿ, ಹಿಂಗ ಇರ್ತೈತಿ" ಅಂದರು. ಚಿಪ್ ಬದಲಿಸೇ ಇಲ್ಲವಲ್ಲ ಅಂದೆ. "ನೀವ್ಯಾಕ ಬಿಚ್ಚಿದ್ರಿ? ಇನ್ನ ನಮ್ಮ ಜವಾಬ್ದಾರಿ ಇಲ್ರಿ." ಫೋಟೋ ಕಳಿಸಿದೆ. "ನಿಮ್ಮೂರಿನ ಉಪ್ಪುಗಾಳಿ ಸರ್." ಉಪ್ಪುಗಾಳಿ ಹೊಸ ಬೆಸುಗೆಯನ್ನ ಮತ್ತೆ ಫ್ಯಾಕ್ಟರಿ ಬೆಸುಗೆ ಮಾಡೀತಾ?

ನೀವು ಕೊಡೋದಾದರೆ ಮೊದಲೇ ಬೋರ್ಡಿನ ಎರಡೂ ಕಡೆ ಫೋಟೋ ತೆಗೆದಿಡಿ. ಪ್ಯಾಚ್ ಸೇವ್ ಮಾಡಿಕೊಳ್ಳಿ. ತೆಗೆದ ಹಳೇ ಚಿಪ್ ಕೈಗೆ ಬರದೆ ದುಡ್ಡು ಕೊಡಬೇಡಿ. ಬದಲಿ ಚಿಪ್ ಸಾಕೆಟ್ ಮೇಲೇ ಕೂರಿಸಲಿ. ಆಮೇಲೆ ಫಿಲ್ಟರಿನ ರೆಸೊನೆನ್ಸ್ ಸ್ಲೈಡರ್ ಪೂರ್ತಿ ಏರಿಸಿ ಒಂದೇ ಕೀ ಆರು ಸಲ ಒತ್ತಿ. ಫಿಲ್ಟರಿನ ಸಿಳ್ಳೆ ಆರೂ ವಾಯ್ಸ್‌ನಲ್ಲಿ ಒಂದೇ ಶ್ರುತಿಯಲ್ಲಿ ಬರಬೇಕು. ಬರಲಿಲ್ಲವಾ, ಬೋರ್ಡಿನ ಮೇಲೆ ಶ್ರುತಿ ಹೊಂದಿಸೋ ಪುಟ್ಟ ತಿರುಪು, ಅಂದರೆ ಟ್ರಿಮ್ಮರ್, ಮುಟ್ಟೇ ಇಲ್ಲ ಅಂತ ತಿಳೀರಿ.

ಆ ಎರಡು ಚಿಪ್ ನಾನೇ ಬಿಚ್ಚಿ ಅಸಿಟೋನ್‌ನಲ್ಲಿ ಹಾಕಿದೀನಿ, ಮುಚ್ಚಳ ಇರೋ ಗಾಜಿನ ಬಾಟಲಿ, ಒಲೆಯಿಂದ ದೂರ. ಎರಡು-ಮೂರು ದಿನ ಬೇಕು, ಲೇಪ ತಾನಾಗಿ ಬಿಡೋವರೆಗೆ ಕೆರೆಯಬಾರದು, ಚಿಪ್‌ನ ಕಾಲು ಮುರಿಯುತ್ತವೆ. ಮೊದಲೇ ಇದನ್ನ ಮಾಡಿದ್ದರೆ ಒಂದು ಬಾಟಲಿ ಅಸಿಟೋನ್‌ನಲ್ಲಿ ಮುಗೀತಿತ್ತು. ದುಡ್ಡು ವಾಪಸ್ ಬಂದಿಲ್ಲ, ಈಗ ಫೋನೂ ಎತ್ತುತ್ತಿಲ್ಲ.