ಮಡಿಕೇರಿಯ ನ್ಯೂಟ್ರಾನ್ ಪಾಠ: ತೋಟದವರೂ ಒಮ್ಮೆ ಕೂರಬೇಕು

ಹೋದ ಭಾನುವಾರ ಮಡಿಕೇರಿಯಲ್ಲಿ ನಡೆದ ವಿಜ್ಞಾನ ಪಾಠಕ್ಕೆ ಒಂಬತ್ತನೇ ಕ್ಲಾಸಿನ ಮಗನನ್ನು ಕರೆದುಕೊಂಡು ಹೋಗಿದ್ದೆ. ತಲೆಗೆ 150 ರೂಪಾಯಿ, ಎರಡೂವರೆ ಗಂಟೆ, ನಡುವೆ ಕಾಫಿ. ವಿಷಯ ನ್ಯೂಟ್ರಾನ್, ಅಂದರೆ ಪರಮಾಣುವಿನ ನಡುವಿನ ಬೀಜದಲ್ಲಿರುವ ಒಂದು ಕಣ. ಸುಂಟಿಕೊಪ್ಪದಲ್ಲಿ ಬಸ್ಸು ಹತ್ತುವಾಗ, ನಾನು ಸುಮ್ನೆ ಜೊತೆಗೆ ಹೋಗುವವಳು ಅಂದುಕೊಂಡಿದ್ದೆ. ವಾಪಸ್ ಬರುವಾಗ ಮಗನಿಗಿಂತ ಜಾಸ್ತಿ ಮಾತಾಡಿದ್ದು ನಾನೇ.

ಮೊದಲು ಒಂದು ವಿಡಿಯೋ ತೋರಿಸಿದರು. ಒಲೆಯ ಮೇಲಿಡುವ ಅಲ್ಯೂಮಿನಿಯಂ ಕಾಫಿ ಪಾತ್ರೆ, ಇಟಲಿಯವರ ಮೋಕಾ ಪಾಟ್. ಅದನ್ನು ನ್ಯೂಟ್ರಾನ್ ಕಿರಣದ ಎದುರಿಟ್ಟು ಚಿತ್ರ ತೆಗೆದಿದ್ದಾರೆ. ಪಾತ್ರೆಯ ಲೋಹ ಇದ್ದೂ ಇಲ್ಲದ ಹಾಗೆ ಮಸುಕು. ಒಳಗಿನ ನೀರು ಮಾತ್ರ ಕಪ್ಪಗೆ ಕಾಣುತ್ತದೆ, ಪುಡಿ ದಾಟಿ ಮೇಲೇರುತ್ತದೆ. ದಿನಾ ಕಾಫಿ ಮಾಡುವ ನನಗೆ ಒಳಗೆ ಹೀಗೆ ನಡೆಯುತ್ತದೆ ಅಂತ ಕಂಡದ್ದು ಅವತ್ತೇ!

ಕಾರಣವನ್ನೂ ಚೆನ್ನಾಗಿ ಬಿಡಿಸಿ ಹೇಳಿದರು. ಎಕ್ಸ್‌ರೇ ಪರಮಾಣುವಿನ ಎಲೆಕ್ಟ್ರಾನ್‌ಗಳಿಗೆ ತಾಗುತ್ತದೆ. ಹಾಗಾಗಿ ಸೀಸದಂಥ ಭಾರದ ಲೋಹ ಅದನ್ನು ತಡೆಯುತ್ತದೆ. ನ್ಯೂಟ್ರಾನಿಗೆ ವಿದ್ಯುತ್ ಅಂಶವೇ ಇಲ್ಲ. ಎಲೆಕ್ಟ್ರಾನ್‌ಗಳನ್ನು ದಾಟಿ ನೇರ ನಡುವಿನ ಬೀಜಕ್ಕೇ ಹೋಗುತ್ತದೆ. ಅದನ್ನು ಜೋರಾಗಿ ಚದುರಿಸುವುದು ಹೈಡ್ರೋಜನ್. ನೀರಿನಲ್ಲಿ ಅದೇ ತಾನೇ ಇರುವುದು? ಸೀಸದ ಡಬ್ಬಿಯೊಳಗೆ ಹೂವಿಟ್ಟರೂ ಹೂವು ಕಾಣುತ್ತದೆ, ಡಬ್ಬಿ ಮಂಕಾಗುತ್ತದೆ.

ನ್ಯೂಟ್ರಾನಿನಿಂದ ರೈಲು ಹಳಿ, ವಿಮಾನದ ರೆಕ್ಕೆಯ ಬೆಸುಗೆಯ ಒಳಗೆ ಉಳಿದ ಬಿಗಿತವನ್ನೂ ಕತ್ತರಿಸದೆ ಅಳೆಯಬಹುದಂತೆ. ಬ್ಯಾಟರಿಯೊಳಗೆ ಲಿಥಿಯಂ ಓಡಾಡುವುದನ್ನೂ ನೋಡಬಹುದು. ಚರಿತ್ರೆಯನ್ನು ಮಾತ್ರ ಓಡಿಸಿದರು: 1932ರಲ್ಲಿ ಚಾಡ್ವಿಕ್ ನ್ಯೂಟ್ರಾನ್ ಕಂಡುಹಿಡಿದದ್ದು, ನ್ಯೂಟ್ರಾನ್ ಚದುರಿಸಿ ವಸ್ತುವಿನ ಒಳಗನ್ನು ನೋಡುವ ದಾರಿ ಕಂಡದ್ದಕ್ಕೆ 1994ರಲ್ಲಿ ಶಲ್ ಮತ್ತು ಬ್ರಾಕ್‌ಹೌಸ್ ಅವರಿಗೆ ನೊಬೆಲ್, ಮುಂಬೈಯ ಟ್ರಾಂಬೆಯಲ್ಲಿ ನ್ಯೂಟ್ರಾನ್ ಕೊಡುವ ಅಣು ರಿಯಾಕ್ಟರ್‌ಗಳಾದ 1956ರ ಅಪ್ಸರಾ, 1985ರ ಧ್ರುವ. ನಮ್ಮ ತುಮಕೂರಿನ ಅಣು ವಿಜ್ಞಾನಿ ರಾಜಾ ರಾಮಣ್ಣ ಅವರ ಹೆಸರು ಬಂದಾಗಲಾದರೂ ಒಂದು ನಿಮಿಷ ನಿಲ್ಲಬೇಕಿತ್ತು. ಮಕ್ಕಳಿಗೆ ಅದು ಹತ್ತಿರದ ಮಾತು.

ನನಗೆ ಬೇಕಾದದ್ದು ಕೊನೆಗೆ ಬಂತು. ಆಕಾಶದಿಂದ ಬರುವ ಕಾಸ್ಮಿಕ್ ಕಿರಣಗಳಿಂದ ಗಾಳಿಯಲ್ಲಿ, ನೆಲದಲ್ಲಿ ಸದಾ ನ್ಯೂಟ್ರಾನ್‌ಗಳು ಹುಟ್ಟುತ್ತಲೇ ಇರುತ್ತವೆ. ಮಣ್ಣಿನಲ್ಲಿ ನೀರು ಜಾಸ್ತಿ ಇದ್ದರೆ ಅದು ಅವುಗಳ ವೇಗ ಇಳಿಸುತ್ತದೆ, ಮೇಲಿಟ್ಟ ಯಂತ್ರಕ್ಕೆ ಸಿಗುವ ಎಣಿಕೆ ಕಡಿಮೆಯಾಗುತ್ತದೆ. ಆ ಯಂತ್ರ ಕಟ್ಟಿದ ಒಂದು ಕಂಬ ಸುತ್ತಲಿನ ನೂರಾರು ಮೀಟರಿನ ತೇವ ಹೇಳುತ್ತದೆ. ಗುಂಡ್ಲುಪೇಟೆ ಕಡೆಯೂ ಇಂಥ ಯಂತ್ರ ಇಟ್ಟು ಅಳೆದಿದ್ದಾರೆ.

ನಮ್ಮದು ಆರು ಎಕರೆ ರೊಬಸ್ಟಾ. ಫೆಬ್ರವರಿ, ಮಾರ್ಚಿನಲ್ಲಿ ಹೂವಿಗೆ ಸ್ಪ್ರಿಂಕ್ಲರ್ ಹಾಕಿ, ಗುದ್ದಲಿಯಲ್ಲಿ ಅಗೆದು, ಮಣ್ಣು ಹಿಂಡಿ ನೋಡುತ್ತೇನೆ. ಹೋದ ವರ್ಷ ಮೇಲೆ ಒದ್ದೆ ಇತ್ತು, ಒಂದು ಗೇಣು ಕೆಳಗೆ ಪುಡಿಪುಡಿ ಮಣ್ಣು. ಹೂವು ಸರಿಯಾಗಿ ಬಿಡಲೇ ಇಲ್ಲ. ಆ ನಷ್ಟ ಇವತ್ತಿಗೂ ಎದೆಯಲ್ಲಿದೆ.

ಕೊರತೆ ಎರಡು. ಶೀಟಿನ ಮಾಡಿನ ಮೇಲೆ ಮಳೆ ಹೊಡೆದು ಹಿಂದಿನ ಸಾಲಿಗೆ ಅರ್ಧ ಮಾತು ಕೇಳಲಿಲ್ಲ. ಬೇಗ ಹೋಗಿ ಮುಂದೆ ಕೂತುಕೊಳ್ಳಿ. ಕೊಟ್ಟ ಹಾಳೆಗಳು ಇಂಗ್ಲಿಷಿನಲ್ಲಿದ್ದವು. ಕನ್ನಡದಲ್ಲಿ ಮಾತಾಡಿದವರು ಕನ್ನಡದಲ್ಲೇ ಹಾಳೆಯನ್ನೂ ಕೊಡಬಹುದಿತ್ತು, ಅಲ್ವಾ? ಐದಕ್ಕೆ ನಾಲ್ಕು ಕೊಡುತ್ತೇನೆ.

ಕೊನೆಗೆ ನಾನು ಕೈ ಎತ್ತಿ ಕೇಳಿದೆ: "ಸರ್, ನಮ್ಮ ತೋಟದ ತುಂಬ ಸಿಲ್ವರ್ ಓಕ್, ಮೆಣಸಿನ ಬಳ್ಳಿ. ಅಲ್ಲಿ ಆ ಕಂಬ ಕೆಲಸ ಮಾಡುತ್ತಾ?" ಅವರು ತಕ್ಷಣ ಹೂಂ ಅನ್ನಲಿಲ್ಲ. "ಮರದೊಳಗೂ, ಎಲೆಯೊಳಗೂ ನೀರಿದೆಯಲ್ಲಮ್ಮ, ಯಂತ್ರ ಅದನ್ನೂ ಲೆಕ್ಕಕ್ಕೆ ಹಿಡಿಯುತ್ತದೆ. ನಿಮ್ಮ ತೋಟದ ಮಣ್ಣು ತೆಗೆದು, ಒಣಗಿಸಿ, ತೂಗಿ, ಮೊದಲು ಯಂತ್ರವನ್ನು ಅದಕ್ಕೆ ಹೊಂದಿಸಿಕೊಳ್ಳಬೇಕು" ಅಂದರು. ಪಕ್ಕದಲ್ಲಿ ಮಗ ಅದನ್ನು ಇಂಗ್ಲಿಷ್ ಹಾಳೆಯ ಹಿಂದೆ ಕನ್ನಡದಲ್ಲಿ ಬರೆದುಕೊಳ್ಳುತ್ತಿದ್ದ.